ಸ್ವಾಮಿಗೆ ಹೇಳಿಕೊಂಡಿದ್ದ ಜಡೆ

ಬಚ್ಚಲಿನ ನೀರು ಹೋಗುತ್ತಿರಲಿಲ್ಲ.

ಭಾನುವಾರದ ಎಣ್ಣೆನೀರು. ಸೀಗೆಪುಡಿ ಉಜ್ಜಿ ನಾಲ್ಕು ಚೊಂಬು ಹುಯ್ದುಕೊಳ್ಳುವಷ್ಟರಲ್ಲಿ ನೀರು ಪಾದ ಮುಳುಗಿಸಿ ಹಿಮ್ಮಡಿ ದಾಟಿತು. ಹಿಪ್ಪುನೇರಳೆ ಎಲೆ ಯಾವುದೋ ತೂಬಿಗೆ ಅಡ್ಡ ಸಿಕ್ಕಿರಬೇಕು ಎಂದುಕೊಂಡೆ. ನಮ್ಮ ಮನೆಯಲ್ಲಿ ಏನೇ ಕಟ್ಟಿಕೊಂಡರೂ ಮೊದಲ ಅನುಮಾನ ಆ ಎಲೆಯ ಮೇಲೆಯೇ. ಬಗ್ಗಿ ಕೈ ಹಾಕಿದೆ. ಮೆತ್ತಗೆ ಏನೋ ಸಿಕ್ಕಿತು. ಎಳೆದೆ. ಬಂತು. ಇನ್ನೂ ಬಂತು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ ಕೈಯಲ್ಲಿ ತೂಗಾಡತೊಡಗಿತು.

ಕೂದಲು.

ನನ್ನದೇ.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನು ಗೌರಿಬಿದನೂರಿನವಳು. ಮದುವೆಯಾಗಿ ಬಂದದ್ದು ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿಗೆ. ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರ್. ಶಾಲೆಯಲ್ಲಿ ನನ್ನ ಗಣಿತಕ್ಕಿಂತ ನನ್ನ ಜಡೆಗೇ ಹೆಚ್ಚು ಹೆಸರಿತ್ತು ಎಂಬುದನ್ನು ವಿನಯಪೂರ್ವಕವಾಗಿ ದಾಖಲಿಸಬೇಕಾಗಿದೆ. ಕುರ್ಚಿಯಲ್ಲಿ ಕೂರುವ ಮುಂಚೆ ಅದನ್ನು ಎತ್ತಿ ಮುಂದಕ್ಕೆ ಹಾಕಿಕೊಳ್ಳದಿದ್ದರೆ ಅದರ ಮೇಲೇ ಕೂತಂತಾಗುತ್ತಿತ್ತು. ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ಹಿಂದಿನ ಬೆಂಚಿನವರು ಲೆಕ್ಕ ಬರೆದುಕೊಳ್ಳುವುದನ್ನು ಬಿಟ್ಟು ಜಡೆಯ ಹೆಣಿಗೆ ಎಣಿಸುತ್ತಿದ್ದರು. ಪ್ರಮೇಯ ಮರೆತ ಹುಡುಗಿಯರೂ ಆ ಸಂಖ್ಯೆಯನ್ನು ಮರೆಯುತ್ತಿರಲಿಲ್ಲ.

ಆ ಭಾನುವಾರಕ್ಕೆ ಎರಡು ತಿಂಗಳು ಮುಂಚೆ, ಸಂಕ್ರಾಂತಿ ಕಳೆದ ಮೇಲೆ, ನನಗೆ ಟೈಫಾಯ್ಡ್ ಆಗಿತ್ತು. ಚಿಕ್ಕಬಳ್ಳಾಪುರದಲ್ಲಿ ಅಡ್ಮಿಟ್ ಮಾಡಿದ್ದರು. ಡ್ರಿಪ್, ಕ್ಯಾಪ್ಸೂಲ್, ಗಂಜಿ. ಒಂದು ದಿನವಂತೂ ನನಗೆ ಯಾರ ಗುರುತೂ ಸಿಗಲಿಲ್ಲವಂತೆ. ಅತ್ತೆಯನ್ನು ನೋಡಿ, "ಮೇಡಂ, ಬೆಲ್ ಆಯ್ತಾ?" ಎಂದು ಕೇಳಿದೆನಂತೆ. ಜನ್ಮದಲ್ಲಿ ಯಾರಿಂದಲೂ ಮೇಡಂ ಎನ್ನಿಸಿಕೊಂಡಿರದ ಅತ್ತೆ ವಾರ್ಡಿನ ಹೊರಗೆ ಹೋಗಿ ಅತ್ತರಂತೆ. ಜ್ವರ ಬಿಟ್ಟಿತು, ಮನೆಗೆ ಬಂದೆ, ಶಾಲೆಗೂ ಹೋದೆ. ಕಥೆ ಮುಗಿಯಿತು ಎಂದುಕೊಂಡಿದ್ದೆವು.

ಕೈಯಲ್ಲಿ ಕೂದಲ ಮುದ್ದೆ ಹಿಡಿದು ಹಿತ್ತಿಲಿಗೆ ಬಂದೆ. ಅತ್ತೆ ನಾರಾಯಣಮ್ಮ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ಮಾವ ತೀರಿಹೋದ ಮೇಲೆ ಮನೆ, ತೋಟ, ರೇಷ್ಮೆಹುಳು ಮೂರನ್ನೂ ಆಳುತ್ತಿದ್ದವರು ಅವರೇ. ಅರವತ್ತು ಹತ್ತಿರವಾಗಿದ್ದರೂ ತುರುಬು ಕರ್ರಗಿತ್ತು. ಅದೊಂದರ ವಿಷಯದಲ್ಲಿ ಅವರಿಗೆ ಬಲು ಗರ್ವ. "ನೋಡೇ, ಒಂದಾದ್ರೂ ಬಿಳೀದು ಹುಡುಕು," ಎಂದು ಬಂದವರಿಗೆಲ್ಲ ತಲೆ ಬಗ್ಗಿಸಿ ತೋರಿಸುತ್ತಿದ್ದರು. ಶನಿವಾರದ ಹರಳೆಣ್ಣೆಗೆ ಅವರು ದೀಪದ ಕಾಡಿಗೆ ಬೆರೆಸುವುದು ಮನೆಯ ಎಲ್ಲರಿಗೂ ಗೊತ್ತಿತ್ತು, ಗೊತ್ತಿದೆಯೆಂದು ಮಾತ್ರ ಯಾರೂ ತೋರಿಸಿಕೊಳ್ಳುತ್ತಿರಲಿಲ್ಲ.

ಮುದ್ದೆಯನ್ನು ಬೇಲಿಯಾಚೆ ಎಸೆಯಲು ಕೈ ಎತ್ತಿದೆ.

"ಅಯ್ಯೋ! ಎಸೀಬೇಡ ಕಣೇ! ಕೊಡು ಇಲ್ಲಿ!"

"ಯಾಕತ್ತೆ, ಪಿನ್ನಿನೋಳಿಗಾ?"

ಆಗೆಲ್ಲ ಕೂದಲು ಕೊಂಡು ಪಿನ್ನು, ಸೂಜಿ, ರಿಬ್ಬನ್ನು ಕೊಡುವ ಹೆಂಗಸೊಬ್ಬಳು ಬುಟ್ಟಿ ಹೊತ್ತು ಊರೂರು ಸುತ್ತುತ್ತಿದ್ದಳು. ಬಾಚಣಿಗೆಗೆ ಬಂದ ಕೂದಲನ್ನು ಹೆಂಗಸರು ಸುರುಳಿ ಸುತ್ತಿ ಗೋಡೆಯ ಸಂದಿಗೆ ತುರುಕಿ ಅವಳಿಗಾಗಿ ಕಾಯುತ್ತಿದ್ದರು.

"ಪಿನ್ನಿನೋಳಿಗಲ್ಲ. ಅದು ಸ್ವಾಮೀದು."

"ಯಾವ ಸ್ವಾಮಿ?"

"ಇನ್ಯಾವ ಸ್ವಾಮಿ? ತಿರುಪತಿ ಸ್ವಾಮಿ. ಅವತ್ತು ಆಸ್ಪತ್ರೇಲಿ ನಿಂಗೆ ಗ್ಯಾನ ತಪ್ಪಿತ್ತಲ್ಲ, ಆಗ ಹೇಳ್ಕೊಂಡೆ. ನನ್ ಸೊಸೇನ ಎಬ್ಬಿಸಿ ಕೂರ್ಸು, ಅವಳ ಮುಡಿ ನಿಂಗೇ ಅಂತ."

ನನ್ನ ತಲೆಯ ವಿಷಯದಲ್ಲಿ ನನಗೇ ತಿಳಿಯದ ಹಾಗೆ ಒಂದು ಒಪ್ಪಂದ ನಡೆದುಹೋಗಿತ್ತು. ಒಂದು ಪಕ್ಷದವರು ವೈಕುಂಠದಲ್ಲಿ, ಇನ್ನೊಂದು ಪಕ್ಷದವರು ಹಿತ್ತಿಲಲ್ಲಿ. ಸರಕು ಮಾತ್ರ ನನ್ನ ನೆತ್ತಿಯ ಮೇಲೆ.

ಅತ್ತೆ ಆ ಮುದ್ದೆಯನ್ನು ತೊಳೆದು, ಒಣಗಿಸಿ, ಅರಿಸಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟರು. ಅಂದಿನಿಂದ ನನ್ನ ದಿಂಬು, ಬಾಚಣಿಗೆ, ಬಚ್ಚಲು ಮೂರೂ ಕಟ್ಟುನಿಟ್ಟಿನ ತಪಾಸಣೆಗೆ ಒಳಪಟ್ಟವು. ಹಳದಿ ಗಂಟು ದಿನೇ ದಿನೇ ದಪ್ಪಗಾಯಿತು. ನನ್ನ ಜಡೆ ಅದೇ ಪ್ರಮಾಣದಲ್ಲಿ ಸಣ್ಣಗಾಯಿತು.

ಕೂದಲು ಉದುರುವುದರಲ್ಲಿ ಒಂದು ವಿಚಿತ್ರ ಅವಮಾನವಿದೆ. ನೋವಿಲ್ಲ. ಜ್ವರವಿಲ್ಲ. ಸಿಕ್ ಲೀವ್ ಚೀಟಿಯಲ್ಲಿ ಬರೆಯಲು ಒಂದು ಕಾರಣವಿಲ್ಲ. ಸಾರಿನ ತಟ್ಟೆಯಲ್ಲಿ ಒಂದು ಎಳೆ, ಹಾಜರಿ ಪುಸ್ತಕದ ಮೇಲೆ ಒಂದು ಎಳೆ, ಸೀರೆಯ ಬೆನ್ನ ಮೇಲೆ ನಾನು ಕಾಣಲಾರದ ಹತ್ತು ಎಳೆ. ಬೈತಲೆ ಅಗಲವಾಗುತ್ತಾ ಬಂದು, ಕನ್ನಡಿಯಲ್ಲಿ ಕೆರೆ ಏರಿಯ ರಸ್ತೆಯ ಹಾಗೆ ಬೆಳ್ಳಗೆ ಕಾಣತೊಡಗಿತು. ಊರಿನವರು ತಲೆಗೊಂದು ಕಾರಣ ಹೇಳಿದರು. ಬೋರ್‌ವೆಲ್ ನೀರು ಎಂದರು ಕೆಲವರು. ಅಂಗಡಿಗಳಲ್ಲಿ ಆಗಷ್ಟೇ ತೋರಣದ ಹಾಗೆ ನೇತಾಡತೊಡಗಿದ್ದ ಶಾಂಪೂ ಪೊಟ್ಟಣ ಎಂದರು ಕೆಲವರು. ಶಾಲೆಯ ಹುಡುಗಿಯರ ಕಣ್ಣು ಬಿದ್ದಿದೆ ಎಂದವರೇ ಹೆಚ್ಚು.

ಪರೀಕ್ಷೆಗೆ ಮುಂಚಿನ ವಾರ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದು ನಿಂತಳು.

"ಮಿಸ್, ಹುಷಾರಾಗಿದೀರಾ ಮಿಸ್?"

ಅವಳು ಎಣಿಸುವುದನ್ನು ನಿಲ್ಲಿಸಿದ್ದಳು.

ಅಂದು ಸಂಜೆ ಅತ್ತೆ ತೀರ್ಪು ಕೊಟ್ಟರು. "ಇರೋದನ್ನಾದ್ರೂ ಕೊಟ್ಟು ಬರಣ. ಪೂರ್ತಿ ಉದುರಿದ್ಮೇಲೆ ಬರೀ ತಲೆ ತಗೊಂಡೋಗಿ ಸ್ವಾಮಿ ಮುಂದೆ ಏನಂತ ನಿಲ್ಲದು?"

"ನಾನು ಬೋಳಿಸ್ಕೊಳಲ್ಲ ಅತ್ತೆ."

"ಅದು ಮತ್ತೆ ಬರ್ತದೆ ಕಣೇ."

"ನಾನು ಬೋಳಿಸ್ಕೊಳಲ್ಲ."

ನಮ್ಮ ಮನೆಯವರ ಕಡೆ ಇಬ್ಬರೂ ತಿರುಗಿದೆವು. ಅವರು ಬಹಳ ಹೊತ್ತು ಯೋಚಿಸಿದರು. "ಅಮ್ಮ ಹೇಳೋದು ಸರಿ. ನೀನು ಹೇಳೋದೂ ಸರಿ," ಎಂದು ಹೇಳಿ ತೋಟಕ್ಕೆ ನೀರು ಹಾಯಿಸಲು ಹೋದರು. ಇಪ್ಪತ್ತು ನಿಮಿಷದ ಹಿಂದಷ್ಟೇ ಹಾಯಿಸಿ ಬಂದಿದ್ದರು.

ಯಾಕೆ ಬೇಡ ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ತಾಯಿ ತೀರಿಕೊಂಡು ಆಗ ನಾಲ್ಕು ವರ್ಷ. ಗೌರಿಬಿದನೂರಿನ ನಮ್ಮ ಮನೆಯ ಹಿಂದಿನ ಮೆಟ್ಟಿಲಲ್ಲಿ ಅಮ್ಮ ಮೇಲೆ, ನಾನು ಕೆಳಗೆ ಕೂತು, ಹಿಂದೂಪುರದ ರೈಲು ಹೋಗುವಷ್ಟರಲ್ಲಿ ಜಡೆ ಮುಗಿಯಬೇಕು ಎಂಬುದು ನಿಯಮ. ಕೂದಲು ತಿಂಗಳಿಗೆ ಒಂದು ಬೆರಳಗಲವೂ ಬೆಳೆಯುವುದಿಲ್ಲ. ಗಣಿತದ ಟೀಚರಿಗೆ ಈ ಲೆಕ್ಕ ಕಷ್ಟವಲ್ಲ. ನಾಲ್ಕು ವರ್ಷದಲ್ಲಿ ಬೆಳೆದದ್ದು ಸೊಂಟದಿಂದ ಮೇಲಿನದು. ಸೊಂಟದಿಂದ ಕೆಳಗಿನದು, ಕುರ್ಚಿಯಲ್ಲಿ ಕೂರುವಾಗ ನಾನು ಎತ್ತಿ ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದದ್ದು, ಅಮ್ಮನ ಬೆರಳು ಹೆಣೆದದ್ದು. ಅದನ್ನು ಕತ್ತರಿಸಿದರೆ ಮತ್ತೆ ಬರುವುದಿಲ್ಲ. ಬರುವುದು ಬೇರೆಯದು.

ಮೊದಲು ಚಿಕ್ಕಬಳ್ಳಾಪುರಕ್ಕೆ ಹೋದೆ. ಟೈಫಾಯ್ಡಿಗೆ ನೋಡಿದ್ದ ಅದೇ ಡಾಕ್ಟರು. ಹೊರಗೆ ಬೆಂಚು ತುಂಬ ಜನ.

"ಜ್ವರ ಬಿಟ್ಟು ಎಷ್ಟು ದಿನ ಆಯ್ತು?"

"ಮೂರು ತಿಂಗಳು ಸಾರ್."

"ಹಾಗಾದ್ರೆ ಕರೆಕ್ಟ್. ಈಗಲೇ ಉದುರಬೇಕು." ಮಾವಿನ ಹೂವಿನ ಬಗ್ಗೆ ಹೇಳಿದಷ್ಟು ಸಲೀಸಾಗಿ ಹೇಳಿದರು. "ಟೈಫಾಯ್ಡ್ ಆದ್ಮೇಲೆ ಹೇರ್ ಫಾಲ್ ಕಾಮನ್ ಅಮ್ಮ. ಬೇರು ಸತ್ತಿಲ್ಲ, ತಾನೇ ಬರುತ್ತೆ. ಐರನ್ ಟ್ಯಾಬ್ಲೆಟ್ ಬರ್ಕೊಡ್ತೀನಿ. ಚೆನ್ನಾಗಿ ಊಟ ಮಾಡಿ. ನೆಕ್ಸ್ಟ್."

ಈಗ ನೆನೆದರೆ ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ದಿಂಬಿನ ಮೇಲೆ ತನ್ನನ್ನೇ ಹೆಕ್ಕಿಕೊಳ್ಳುವ ಹೆಂಗಸಿಗೆ "ಕಾಮನ್" ಎಂಬ ಮಾತಿನಿಂದ ಏನೂ ಸಮಾಧಾನವಾಗುವುದಿಲ್ಲ. ಅತ್ತೆಯ ಆಕ್ಷೇಪಣೆ ಬೇರೆಯದೇ.

"ತಲೆ ಮುಟ್ಟಿ ನೋಡಿದ್ರಾ?"

"ಇಲ್ಲ."

"ಮುಟ್ದೆ ಹೆಂಗೆ ಗೊತ್ತಾಯ್ತದೆ? ನಾವು ಹುಳಾನೇ ಮುಟ್ಟಿ ನೋಡ್ತೀವಿ."

ಹಾಗೆ ನಾವಿಬ್ಬರೂ ಚಿಂತಾಮಣಿಯ ಆಯುರ್ವೇದ ಪಂಡಿತರ ಬಳಿಗೆ ಹೊರಟೆವು. ಅತ್ತೆ ಬಂದದ್ದು ನನ್ನ ಪರವಾಗಿಯೋ ಸ್ವಾಮಿಯ ಪರವಾಗಿಯೋ ತಿಳಿಯಲಿಲ್ಲ.

ಪಂಡಿತರದು ಬೀದಿಗೆ ತೆರೆದ ಒಂದು ಕೋಣೆ. ಬೇರು, ತೊಗಟೆ, ಒಣಗಿದ ನೆಲ್ಲಿಕಾಯಿಯ ವಾಸನೆ. ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. "ರಾಮ್ಮಾ, ಕೂತ್ಕೋ," ಎಂದು ನನ್ನನ್ನು ಬಾಗಿಲ ಬೆಳಕಿಗೆ ಬೆನ್ನು ಮಾಡಿ ಕೂರಿಸಿ, ಹೆಬ್ಬೆರಳಿನಿಂದ ಬೈತಲೆ ಬೈತಲೆಯಾಗಿ ಬಿಡಿಸಿ ನೋಡಿದರು. ನಾಲ್ಕು ಎಳೆ ಮೆಲ್ಲಗೆ ಎಳೆದರು. ನಾಲ್ಕೂ ಬಂದವು. ಅತ್ತೆ ಅವನ್ನು ತಟ್ಟನೆ ಕೈಚಾಚಿ ಇಸಿದುಕೊಂಡರು.

"ಬುಡದಲ್ಲಿ ಬಿಳೀ ಗುಂಡು ಇದೆ ನೋಡಮ್ಮ. ಹಣ್ಣಾಗಿ ಬಿದ್ದಿದ್ದು. ಕಿತ್ತಿದ್ದಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಹುಳ ಮೇಯಿಸ್ತೀರಲ್ವಾ? ಹುಳ ಜ್ವರಕ್ಕೆ ಕೂತ್ರೆ ಏನ್ ಮಾಡ್ತೀರಿ?"

ರೇಷ್ಮೆಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮುಂಚೆ ಅಂಥ ನಾಲ್ಕು ಜ್ವರ.

"ಏನ್ ಮಾಡ್ತೀವಿ? ಸೊಪ್ಪು ನಿಲ್ಲಿಸ್ತೀವಿ. ಯಾರೂ ಮುಟ್ಟಂಗಿಲ್ಲ, ಅಲುಗಾಡ್ಸಂಗಿಲ್ಲ," ಎಂದರು ಅತ್ತೆ, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದವರ ಹಾಗೆ.

"ಆಮೇಲೆ?"

"ಪೊರೆ ಬಿಟ್ಟು ಎದ್ದು ಮೇಯ್ತವೆ."

"ಈಯಮ್ಮನ ತಲೇನೂ ಅಷ್ಟೇ. ಜ್ವರ ಬಂದಾಗ ಬೆಳೆಯೋದು ನಿಲ್ತು. ನಿಂತಿದ್ದು ಈಗ ಬೀಳ್ತಾ ಇದೆ. ಒಳಗೆ ಹೊಸದು ತಳ್ತಾ ಇರೋದ್ರಿಂದ್ಲೇ ಹಳೇದು ಬೀಳೋದು."

ಹಳೆಯದು ಬೀಳುವುದಕ್ಕೆ ಕಾರಣ ಮೂರು ತಿಂಗಳು ಹಿಂದಿನದು. ನಾವೋ ನಿನ್ನೆಯ ನೀರಿನಲ್ಲಿ, ಮೊನ್ನೆಯ ಶಾಂಪೂವಿನಲ್ಲಿ ಹುಡುಕುತ್ತಿದ್ದೆವು.

"ಕೂದಲು ಯಾವುದರಿಂದ ಆಗೋದು ಗೊತ್ತಾ? ದೇಹ ಮೂಳೆ ಕಟ್ಟಿ, ಮಿಕ್ಕಿದ್ದರಲ್ಲಿ ಕೂದಲು ಕಟ್ಟುತ್ತೆ. ಮನೇಲಿ ಎಲ್ಲರ ಊಟ ಆದ್ಮೇಲೆ ಮಿಕ್ಕಿದ್ರಲ್ಲಿ ಸೊಸೆ ಉಣ್ಣಲ್ವಾ, ಹಂಗೆ. ಜ್ವರದಲ್ಲಿ ಮನೆಗೇ ಅನ್ನ ಇರ್ಲಿಲ್ಲ. ಸೊಸೆಗೆ ಎಲ್ಲಿಂದ ಬರ್ಬೇಕು?"

ಅತ್ತೆ ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಪಿತ್ತ ಕೆರಳಿದೆ, ತಂಪು ಮಾಡಬೇಕು ಎಂದು ಪಥ್ಯ ಹೇಳಿದರು. ಹುಣಸೆಹಣ್ಣು, ಒಣಮೆಣಸಿನಕಾಯಿ, ಉಪ್ಪಿನಕಾಯಿ ಬೇಡ. ತುಪ್ಪ, ಹಾಲು, ಹೆಸರುಬೇಳೆ, ದಿನಕ್ಕೊಂದು ಚಮಚ ನೆಲ್ಲಿಕಾಯಿ ಪುಡಿ. ತಲೆಗೆ ಬಿಸಿನೀರು ಸೋಕಬಾರದು. ಡಾಕ್ಟರ ಮಾತ್ರೆ ನಿಲ್ಲಿಸಬಾರದು. ಬೇಗ ಮಲಗಬೇಕು. ಗರಗದ ಸೊಪ್ಪಿನ ರಸದಲ್ಲಿ ಕಾಯಿಸಿದ ಎಣ್ಣೆ ವಾರಕ್ಕೆ ಮೂರು ಸಲ. ಗರಗದ ಸೊಪ್ಪು ಎಂದರೆ ನಮಗೆ ಹೊಳೆಯಲಿಲ್ಲ. "ಗುಂಟಗಲಗರಾಕು ಅಮ್ಮಾ" ಎಂದು ತೆಲುಗಿನಲ್ಲಿ ಹೇಳಿದ ಕೂಡಲೇ ಅತ್ತೆಗೆ ಗೊತ್ತಾಯಿತು. ಕೆರೆ ಕೋಡಿಯ ಕೆಳಗೆ ಬೇಕಾದಷ್ಟು ಬಿದ್ದಿತ್ತು.

"ಎಣ್ಣೆ ಹಾಕಿದ್ರೆ ಬರುತ್ತಾ ಪಂಡಿತ್ರೇ?" ನಾನು ಕೇಳಿದೆ.

"ಎಣ್ಣೆ ನೆತ್ತಿ ತಂಪು ಮಾಡುತ್ತೆ, ಮನಸ್ಸಿಗೆ ನಿದ್ದೆ ಕೊಡುತ್ತೆ, ಸುಮ್ನೆ ಕೂರಕ್ಕಾಗ್ದಿರೋ ಕೈಗೆ ಒಂದು ಕೆಲಸ ಕೊಡುತ್ತೆ. ಬರ್ಸೋದು ಕಾಲ. ಎರಡು ಮಂಡಲ ನೋಡು."

ಮಂಡಲ ಎಂದರೆ ನಲವತ್ತೆಂಟು ದಿನ. ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಷರತ್ತು ಹಾಕಿದರು. ಎರಡು ಮಂಡಲದಲ್ಲಿ ಉದುರುವುದು ನಿಲ್ಲಬೇಕು. ನಿಲ್ಲದಿದ್ದರೆ ಮಾತಿಲ್ಲದೆ ತಿರುಪತಿ. ನಾನು ಒಪ್ಪಿದೆ.

ಹುಣಸೆಹಣ್ಣಿಲ್ಲದ ಸಾರು ಹೇಗಿರುತ್ತದೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಓದುವವರು ನನ್ನ ಶತ್ರುಗಳಲ್ಲ.

ಎಣ್ಣೆ ಕಾಯಿಸುವ ಅಧಿಕಾರವನ್ನು ಅತ್ತೆ ಯಾರಿಗೂ ಬಿಡಲಿಲ್ಲ. ಗಾಣದ ಎಳ್ಳೆಣ್ಣೆ, ಅದರ ನಾಲ್ಕರಷ್ಟು ಸೊಪ್ಪಿನ ರಸ, ಅರೆದ ನೆಲ್ಲಿಕಾಯಿ. ಹಿತ್ತಿಲ ಒಲೆಯಲ್ಲಿ ಸಣ್ಣ ಉರಿ. ರಸ ಇಂಗಿ ನೊರೆ ಏಳುವಾಗ ತಳದ ಗಸಿಯನ್ನು ಬತ್ತಿಯ ಹಾಗೆ ಹೊಸೆದು ಕೆಂಡಕ್ಕೆ ಹಿಡಿಯಬೇಕು. ಚಟಪಟ ಎಂದರೆ ನೀರಿದೆ, ಸುಮ್ಮನೆ ಉರಿದರೆ ಹದ. ಅತ್ತೆ ಕಿವಿ ಒಲೆಯ ಹತ್ತಿರ ತಂದು ಕೇಳುತ್ತಿದ್ದ ಗತ್ತು ನೋಡಿದರೆ ಎಣ್ಣೆಯೇ ಅವರ ಹತ್ತಿರ ಗುಟ್ಟು ಹೇಳುತ್ತಿದೆ ಎನ್ನಬೇಕು. ಇಳಿಸಿ ಆರಿದ ಮೇಲೆ ನನ್ನನ್ನು ಮೆಟ್ಟಿಲಲ್ಲಿ ಕೂರಿಸಿ, ತಾವು ಮೇಲಿನ ಮೆಟ್ಟಿಲಲ್ಲಿ ಕೂತು ನೆತ್ತಿಗೆ ತಟ್ಟುತ್ತಿದ್ದರು. ವಾಸನೆ ಸ್ವಲ್ಪ ಘಾಟು ಅನ್ನಿಸಿತು. ಔಷಧಿ ಅಂದರೆ ಹಾಗೇ ಇರಬೇಕು ಎಂದುಕೊಂಡೆ.

ಆ ವೇಳೆಗೆ ಬೇಸಿಗೆ ರಜ. ನನ್ನ ಮೈಯಲ್ಲಿ ಇನ್ನೂ ಶಕ್ತಿ ಬಂದಿರಲಿಲ್ಲವಾಗಿ, ಕೂತು ಮಾಡುವ ಕೆಲಸ ನನಗೆ ಕೊಟ್ಟರು. ಚಾಕಿ ಹುಳುಗಳಿಗೆ, ಅಂದರೆ ಮೊಟ್ಟೆಯೊಡೆದು ಬಂದ ಎಳೆಯ ಹುಳುಗಳಿಗೆ, ಚಿಗುರೆಲೆಯನ್ನು ಸಣ್ಣಗೆ ಹೆಚ್ಚಿ ತಟ್ಟೆಗೆ ಉದುರಿಸುವುದು.

ಹುಳದ ಮನೆಯ ಕಾನೂನು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಳಕ್ಕೆ ವಾಸನೆ ಆಗುವುದಿಲ್ಲ. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ನಶ್ಯ, ಬೀಡಿ, ಊದುಬತ್ತಿ ಹತ್ತಿರ ಸುಳಿಯುವಂತಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಪೌಡರ್ ಹಾಕಿಕೊಂಡು, ಮಲ್ಲಿಗೆ ಮುಡಿದು ಆ ಬಾಗಿಲಿಗೆ ಹೋಗಿದ್ದೆ. "ಎಲ್ಲಿಗಮ್ಮ ಹಿಂಗೆ? ಹುಳದ ಮನೆಗಾ, ಮದ್ವೆ ಮನೆಗಾ?" ಎಂದು ಅತ್ತೆ ಅಲ್ಲಿಂದಲೇ ವಾಪಸು ಕಳಿಸಿದ್ದರು. ಅಂಥ ಕಾವಲಿನ ಮನೆ. ಈ ಸಲವೂ ನನ್ನ ಎಣ್ಣೆತಲೆಗೆ ಬಟ್ಟೆ ಬಿಗಿದು, ಕೈ ತೊಳೆಸಿಯೇ ಒಳಗೆ ಬಿಟ್ಟರು. ಆದರೆ ಮೇ ತಿಂಗಳ ಸೆಕೆ. ಬೆವರಿಗೆ ಬಟ್ಟೆ ಜಾರುತ್ತಿತ್ತು. ನಾನು ಸರಿಮಾಡಿಕೊಳ್ಳುತ್ತಿದ್ದೆ. ಅದೇ ಕೈಯಲ್ಲಿ ಎಲೆ ಉದುರಿಸುತ್ತಿದ್ದೆ.

ಎರಡನೆಯ ದಿನ ಎಲೆ ಹಾಗೇ ಒಣಗಿತ್ತು.

ಹುಳುಗಳು ಎಲೆ ಬಿಟ್ಟು ತಟ್ಟೆಯ ಅಂಚಿಗೆ ಹರಿದು ಬಂದು ತಲೆಯೆತ್ತಿ ನಿಂತಿದ್ದವು, ಬಸ್ಸಿಗೆ ಕಾದವರ ಹಾಗೆ. ನಾಲ್ಕನೆಯ ದಿನಕ್ಕೆ ನಾನು ನೋಡಿಕೊಂಡಿದ್ದ ತಟ್ಟೆಗಳಲ್ಲಿ ಹುಳುಗಳೇ ಉಳಿಯಲಿಲ್ಲ. ನಮ್ಮವರು ನೋಡಿಕೊಂಡಿದ್ದ ತಟ್ಟೆಗಳಿಗೆ ಏನೂ ಆಗಿರಲಿಲ್ಲ.

ಅತ್ತೆ ಖಾಲಿ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಸ್ವಾಮಿ ಕೇಳ್ತಾ ಅವ್ನೆ," ಎಂದರು. "ಇನ್ನು ಮಂಡಲ ಗಿಂಡಲ ಬೇಡ. ಶನಿವಾರ ಹೊರಡಣ."

ಈ ಸಲ ನನ್ನಲ್ಲಿ ವಾದ ಉಳಿದಿರಲಿಲ್ಲ. ನನ್ನ ಕೈಯಲ್ಲೇ ಸತ್ತಿದ್ದವು. ಒಂದು ಜಡೆ ದೊಡ್ಡದೋ, ಮನೆಯ ಬೆಳೆ ದೊಡ್ಡದೋ? ಹೂಂ ಎಂದೆ. ಒಂದೇ ಒಂದು ಬೇಡಿಕೆ ಇಟ್ಟೆ. ಕೆಲವು ದಿನಗಳಿಂದ ನೆತ್ತಿ ಉರಿಯುತ್ತಿತ್ತು, ಸಣ್ಣ ಗುಳ್ಳೆ ಎದ್ದಿದ್ದವು. ಹೊರಡುವ ಮುಂಚೆ ಪಂಡಿತರಿಗೆ ಒಮ್ಮೆ ತೋರಿಸಿ ಬರೋಣ.

ಪಂಡಿತರು ನನ್ನ ತಲೆಯ ಹತ್ತಿರ ಬಗ್ಗಿದವರು ಹಾಗೇ ನಿಂತರು. ಮೂಸಿದರು. ಇನ್ನೊಮ್ಮೆ ಮೂಸಿದರು.

"ಬೇವಿನ ಎಣ್ಣೆ ಯಾರಮ್ಮ ಹಾಕಿದ್ದು?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸೂರಿನ ತೊಲೆಯ ಕಡೆ ನೋಡಿದರು.

"ನಿಮ್ದು ಬಲೇ ಸಪ್ಪೆ ಇತ್ತು ಪಂಡಿತ್ರೇ," ಎಂದರು ಕೊನೆಗೆ. "ಒಸಿ ಕಹಿ ಇದ್ರೆ ಬೇಗ ಕೆಲಸ ಮಾಡ್ತದೆ ಅಂತ ಅರ್ಧ ಪಾವು ಸೇರ್ಸಿದೆ."

"ಅರ್ಧ ಪಾವು! ಈ ತಲೆ ಇಟ್ಕೊಂಡು ಹುಳದ ಮನೆಗೆ ಹೋಗಿದ್ಯೇನಮ್ಮ?"

"ದಿನಾ," ಎಂದೆ.

ಪಂಡಿತರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಬೇವು ಸೋಕಿದ ಎಲೆಯನ್ನು ಹುಳು ಮೂಸಿಯೂ ನೋಡುವುದಿಲ್ಲ ಎಂದು ಅವರು ಅತ್ತೆಗೆ ಹೇಳಬೇಕಾಗಿರಲಿಲ್ಲ. ಹುಳದ ಮನೆಯ ಸುತ್ತ ಬೇವಿನ ಒಂದು ಕೊಂಬೆಯನ್ನೂ ಬಿಡದೆ ಕಡಿಸಿದವರು ಅತ್ತೆಯೇ. ಪೌಡರು, ಮಲ್ಲಿಗೆ, ಬೀಡಿ ಎಲ್ಲವನ್ನೂ ಬಾಗಿಲಲ್ಲಿ ತಡೆದಿದ್ದ ಆ ಕಾವಲುಗಾರ್ತಿ ಬೇವನ್ನು ಮಾತ್ರ ಸೊಸೆಯ ನೆತ್ತಿಯ ಮೇಲೆ ಹೊರಿಸಿ, ಬಟ್ಟೆ ಮುಚ್ಚಿ, ತಾವೇ ಒಳಗೆ ಕಳಿಸಿದ್ದರು. ತಲೆಗೆ ಹಚ್ಚಿದಾಗ ಅದು ಅವರ ಪಾಲಿಗೆ ಔಷಧಿ. ಔಷಧಿ ಹುಳು ಕೊಲ್ಲುತ್ತದೆಯೆಂದು ಹೊಳೆದಿರಲಿಲ್ಲ.

"ಹಂಗಾದ್ರೆ ಸ್ವಾಮಿ ಕೋಪ ಅಲ್ವಾ?" ಅತ್ತೆಯ ದನಿ ಸಣ್ಣಗಾಗಿತ್ತು.

"ಅಷ್ಟು ದೂರ ಯಾಕಮ್ಮ ಹೋಗ್ತೀರಿ?"

"ಮತ್ತೆ ಹರಕೆ?"

"ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ," ಎಂದರು ಪಂಡಿತರು. ಆಮೇಲೆ ನನ್ನ ಹಣೆಯಂಚಿನ ಕೂದಲನ್ನು ಹಿಂದಕ್ಕೆ ಸರಿಸಿ, ಅತ್ತೆಯ ಬೆರಳು ಹಿಡಿದು ಅಲ್ಲಿ ಇಟ್ಟರು. "ಮುಟ್ಟಿ ನೋಡಿ. ಏನ್ ಸಿಗ್ತದೆ?"

ಅತ್ತೆಯ ಬೆರಳು ಹಣೆಯಂಚಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿತು.

"ಚುಚ್ಚುತ್ತೆ," ಎಂದರು.

ಹೊಸದು.

ವಾಪಸು ಬರುವ ಬಸ್ಸಿನಲ್ಲಿ ಅತ್ತೆಗೆ ಕಿಟಕಿ ಬದಿ ಸಿಕ್ಕಿತು. ಊರು ದಾಟಿದ ಮೇಲೆ ಕೇಳಿದರು. "ಕೊಟ್ರೂ ಬರ್ತದೆ, ಕೊಡ್ದಿದ್ರೂ ಬರ್ತದೆ. ನಿಂಗ್ಯಾಕೇ ಅಷ್ಟೊಂದು ಹಟ?"

ಹೇಳಿದೆ. ಗೌರಿಬಿದನೂರಿನ ಮೆಟ್ಟಿಲು, ಹಿಂದೂಪುರದ ರೈಲು, ತಿಂಗಳಿಗೆ ಬೆರಳಗಲ, ನಾಲ್ಕು ವರ್ಷ. ಜಡೆಯ ತುದಿಯನ್ನು ಅವರ ಮಡಿಲಲ್ಲಿ ಇಟ್ಟು, "ಇಲ್ಲಿಂದ ಕೆಳಗೆ ನಮ್ಮಮ್ಮ ಇದ್ದಾಗಿನದು," ಎಂದೆ.

ಬಸ್ಸು ಹತ್ತಿದರೆ ಪಕ್ಕದವರ ಮೂರು ತಲೆಮಾರು ವಿಚಾರಿಸದೆ ಇಳಿಯದ ಹೆಂಗಸು ನಮ್ಮತ್ತೆ. ಅಂದು ಶಿಡ್ಲಘಟ್ಟದವರೆಗೆ ಆ ಹೆಣಿಗೆಯನ್ನೇ ಬೆರಳಲ್ಲಿ ಸವರುತ್ತಾ ಕೂತರು. ಜಡೆಯ ತುದಿ ಅವರ ಮಡಿಲಲ್ಲೇ ಇತ್ತು.

ಶನಿವಾರ ಬಂತು. ನಾನು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಕಾದೆ. "ನೀನು ಇರು," ಎಂದರು. "ನಾನು ಮದನಪಲ್ಲಿಗೆ ತಂಗಿ ಮನೆಗೆ ಹೋಗಿ ಬರ್ತೀನಿ. ಮನಸ್ಸು ಸರಿ ಇಲ್ಲ." ಒಬ್ಬರೇ ಹೋದರು.

ಮೂರನೆಯ ದಿನ ಸಂಜೆ ಬಂದರು. ಸೆರಗು ಹಣೆಯವರೆಗೆ ಇಳಿದಿತ್ತು. ನಾನು ನೀರು ತಂದುಕೊಟ್ಟೆ. ಚೊಂಬು ಎತ್ತಿ ಕುಡಿಯುವಾಗ ಸೆರಗು ಹಿಂದಕ್ಕೆ ಜಾರಿತು.

ನುಣ್ಣನೆಯ ತಲೆ. ಮೇಲೆ ಒಣಗಿದ ಗಂಧ.

ಸೊಪ್ಪಿನ ಹೊರೆ ಹೊತ್ತು ಒಳಗೆ ಬರುತ್ತಿದ್ದ ನಮ್ಮವರು ಬಾಗಿಲಲ್ಲೇ ನಿಂತರು. "ಅಮ್ಮಾ, ಇದೇನು?"

"ಏನು ಅಂದ್ರೆ? ಗುಂಡು. ಕಾಣ್ಸಲ್ವಾ?" ಚೊಂಬು ಕೆಳಗಿಟ್ಟರು. "ಹೇಳ್ಕೊಂಡೋಳು ನಾನು, ಕೊಟ್ಟೋಳೂ ನಾನು. ಸ್ವಾಮಿಗೆ ಹೇಳ್ದೆ. ಅವಳದ್ದು ಅವರಮ್ಮಂದು, ಅದ್ರಲ್ಲಿ ನನ್ ಪಾಲಿಲ್ಲ, ಗೊತ್ತಿಲ್ದೆ ಹೇಳ್ಬಿಟ್ಟೆ. ಇದು ನಂದು, ಇಟ್ಕೊಳಪ್ಪ ಅಂತ."

"ಸ್ವಾಮಿ ಒಪ್ಕೊಂಡ್ನಾ?" ಎಂದರು ನಮ್ಮವರು.

"ಬೇಡ ಅಂತೇನೂ ಅನ್ಲಿಲ್ಲ."

ನಾನು ಅಳುತ್ತಿದ್ದೆ. "ಅಳೋದ್ಯಾಕೆ? ಪೊರೆ ಬಿಟ್ಟಿದೀನಿ, ಅಷ್ಟೇ," ಎಂದು ಗದರಿಸಿ, ಎದ್ದು ಹೋಗಿ ದೇವರ ಗೂಡಿನಿಂದ ಹಳದಿ ಗಂಟು ತೆಗೆದರು. ನನ್ನ ಟ್ರಂಕು ತೆರೆದು ಸೀರೆಗಳ ಕೆಳಗೆ ಇಟ್ಟರು. "ಮಡಗ್ಕೋ. ಪಿನ್ನಿನೋಳಿಗೆ ಕೊಟ್ಟೀಯಾ ಮತ್ತೆ."

ಆಮೇಲಿನ ಎಣ್ಣೆಯನ್ನು ನಾನೇ ಕಾಯಿಸಿದೆ. ಬತ್ತಿ ಹೊಸೆದು ಕಿವಿಗೊಡುವ ಅಧಿಕಾರ ಅತ್ತೆಗೇ ಉಳಿಯಿತು. ನಮ್ಮ ಮನೆಯಲ್ಲಿ ಈಗ ಎರಡು ತಲೆ, ಒಂದು ಬಟ್ಟಲು. ಮಂಗಳವಾರ ಅವರು ಮೇಲಿನ ಮೆಟ್ಟಿಲು, ನಾನು ಕೆಳಗಿನದು. ಬುಧವಾರ ಅದಲು ಬದಲು. ಬೋಳುತಲೆಗೆ ಎಣ್ಣೆ ತಟ್ಟುವಾಗ ಮಗುವಿನ ತಲೆಯ ಹಾಗೆ ಅಂಗೈ ತುಂಬುತ್ತಿತ್ತು. ಹಚ್ಚಿದ ಮೇಲೆ ಇಬ್ಬರೂ ಬಾವಿಕಟ್ಟೆಗೆ ಹೋಗಿ ಸೋಪಿನಲ್ಲಿ ಎರಡೆರಡು ಸಲ ಕೈ ತೊಳೆಯುತ್ತಿದ್ದೆವು. "ಇನ್ನೊಂದು ಸಲ," ಎನ್ನುತ್ತಿದ್ದರು ಅತ್ತೆ, ಇಬ್ಬರಿಗೂ.

ಎರಡನೆಯ ಮಂಡಲ ಮುಗಿಯುವ ಹೊತ್ತಿಗೆ ಉದುರುವುದು ನಿಂತಿತ್ತು. ನನ್ನ ಬೈತಲೆಯ ಎರಡು ಕಡೆ ಎರಡಂಗುಲದ ಹೊಸ ಕೂದಲು ಮುಳ್ಳುಹಂದಿಯ ಹಾಗೆ ನಿಂತು, ಎಷ್ಟು ಎಣ್ಣೆ ಒತ್ತಿದರೂ ಮಲಗುತ್ತಿರಲಿಲ್ಲ. ಅದೇ ಅವತಾರದಲ್ಲಿ ಶಾಲೆಗೆ ಹೋದೆ. ಅತ್ತೆಯದು ಹಿಮದ ಹಾಗೆ ಬೆಳ್ಳಗೆ ಬಂತು. ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡು, "ಆ ಪಂಡಿತನ ಎಣ್ಣೆ ಮಾಡಿದ ಕೆಲಸ," ಎಂದು ಘೋಷಿಸಿದರು. ನಾನೂ ನಮ್ಮವರೂ ಗಂಭೀರವಾಗಿ ತಲೆಯಾಡಿಸಿದೆವು. ಕಾಡಿಗೆಯ ಬಟ್ಟಲು ಮತ್ತೆ ಹೊರಗೆ ಬರಲಿಲ್ಲ.

ನನ್ನ ಕೂದಲನ್ನು ತಂದದ್ದು ಯಾರು ಎಂದು ನಾನು ತೀರ್ಪು ಕೊಡಲಾರೆ. ಡಾಕ್ಟರು ಆಗುತ್ತದೆ ಎಂದದ್ದೇ ಆಯಿತು. ಪಂಡಿತರು ಕಾಲ ಎಂದರು, ಕಾಲವೇ ತಂತು. ಆದರೆ ಆ ಕಾಲವನ್ನು ಕಳೆಯುವುದು ಹೇಗೆಂದು ಹೇಳಿಕೊಟ್ಟದ್ದು ಎಣ್ಣೆ, ಪಥ್ಯ, ಆ ಮೆಟ್ಟಿಲು. ಅತ್ತೆಯನ್ನು ಕೇಳಿದರೆ ಕೊನೆಯವರೆಗೂ ಒಂದೇ ಉತ್ತರ. "ನಂದು ತಗೊಂಡು ನಿಂದು ಕೊಟ್ಟ, ಸ್ವಾಮಿ ಲೆವಲ್ ಮಾಡ್ದ."

ಜಡೆ ಮತ್ತೆ ಆ ದಪ್ಪಕ್ಕೆ ಬರಲಿಲ್ಲ. ಮುಕ್ಕಾಲು ಬಂತು, ಸಾಕಾಯಿತು. ಅಮ್ಮನ ಕಾಲದ ತುದಿ ಸವೆದು, ಸೀಳಿ, ನಾಲ್ಕೈದು ವರ್ಷದಲ್ಲಿ ತಾನಾಗಿಯೇ ಹೋಯಿತು. ನಾನು ಅಷ್ಟೊಂದು ಹೋರಾಡಿ ಉಳಿಸಿಕೊಂಡದ್ದು ಹಾಗೆ ಸದ್ದಿಲ್ಲದೆ ಹೋದದ್ದು ಗೊತ್ತಾದಾಗ ಆಶ್ಚರ್ಯವಾಯಿತು, ಅಳು ಬರಲಿಲ್ಲ. ಅಷ್ಟು ಹೊತ್ತಿಗೆ ನೆತ್ತಿಯಿಂದ ಬೆಳೆದು ಬಂದಿದ್ದ ಒಂದೊಂದು ಎಳೆಯೂ ಅತ್ತೆಯ ಬೆರಳು ಕಂಡದ್ದಾಗಿತ್ತು.

ಅತ್ತೆ ಈಗಿಲ್ಲ. ಹಳದಿ ಗಂಟು ಟ್ರಂಕಿನಲ್ಲಿದೆ. ನನ್ನದೀಗ ವಯಸ್ಸಿನ ಉದುರು, ಅದಕ್ಕೆ ಎರಡು ಮಂಡಲದ ವಾಯಿದೆ ಇಲ್ಲ. ಆದರೂ ಕೆರೆ ಕೋಡಿಯ ಕೆಳಗೆ ಗರಗದ ಸೊಪ್ಪು ಕಂಡರೆ ಕೊಯ್ದು ತರುತ್ತೇನೆ, ಎಣ್ಣೆ ಕಾಯಿಸುತ್ತೇನೆ, ಬತ್ತಿಗೆ ಕಿವಿಗೊಡುತ್ತೇನೆ. ಹಚ್ಚಿಕೊಂಡ ಮೇಲೆ ಎದ್ದು ಹೋಗಿ ಸೋಪಿನಲ್ಲಿ ಎರಡು ಸಲ ಕೈ ತೊಳೆಯುತ್ತೇನೆ.

ಮನೆಯಲ್ಲಿ ಹುಳು ಮೇಯಿಸುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು.

ಕೈ ಒರೆಸಿಕೊಳ್ಳುವ ಮುಂಚೆ ಒಂದು ಕ್ಷಣ ನಿಲ್ಲುತ್ತೇನೆ. ಆಮೇಲೆ ಇನ್ನೊಂದು ಸಲ ತೊಳೆಯುತ್ತೇನೆ.